ಟ್ಯಾಂಕಿನ ಗೋಡೆ ತಟ್ಟಿದವರು

ಅರಬಿ ಕಥೆಗಾರ ಘಸ್ಸಾನ್ ಕನಫಾನಿಯವರ ‘ರಿಜಾಲ್ ಫಿಶ್ಶಮ್ಸ್’ ಎಂಬ ಕಿರುಕಾದಂಬರಿ ಪ್ರಕಟವಾಗಿ ಅರುವತ್ತು ವರ್ಷ ದಾಟಿತು. ‘ಬಿಸಿಲಿನಲ್ಲಿ ಗಂಡಸರು’ ಎನ್ನಬಹುದಾದ ಈ ಪುಸ್ತಕವನ್ನು ನಾವು ಮೊದಲು ಓದಿದ್ದು ಕಾಲೇಜಿನ ದಿನಗಳಲ್ಲಿ, ಗೆಳೆಯರೊಬ್ಬರು ಜೆರಾಕ್ಸ್ ಮಾಡಿಸಿ ತಂದಿದ್ದ ಇಂಗ್ಲಿಷ್ ಅನುವಾದದಲ್ಲಿ. ತೀರಾ ತೆಳುವಾದ ಕಟ್ಟು, ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಆಮೇಲೆ ಮೂರು ತಿಂಗಳು ನಾವು ಒಂದು ಕಥೆಯನ್ನೂ ಬರೆಯಲಿಲ್ಲ. ಬರೆದದ್ದೆಲ್ಲ ಸುಳ್ಳು ಎನಿಸುತ್ತಿತ್ತು.

ಗಡಿ ದಾಟುವವರ ಬಗ್ಗೆ, ಆಶ್ರಯ ಬೇಡುವವರ ಬಗ್ಗೆ ಪತ್ರಿಕೆಗಳಲ್ಲಿ, ಟಿ.ವಿ.ಗಳಲ್ಲಿ ನಡೆಯುವ ಜಗಳವನ್ನು ಕೇಳಿದಾಗಲೆಲ್ಲ ನಮಗೆ ಈ ಪುಸ್ತಕದ ಕೊನೆಯ ಪುಟ ನೆನಪಾಗುತ್ತದೆ. ಆ ಪುಟವನ್ನು ನಾವು ಇಷ್ಟು ವರ್ಷ ತಪ್ಪಾಗಿ ಓದಿದ್ದೆವು ಎಂದು ಈಚೆಗೆ ಅನಿಸತೊಡಗಿದೆ. ಈ ಲೇಖನ ಆ ತಪ್ಪಿನ ಬಗ್ಗೆ.

ಕಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇವೆ. ಕಾಲ 1958ರ ಆಗಸ್ಟ್. ಸ್ಥಳ ಇರಾಕಿನ ಬಸ್ರಾ. ಮೂವರು ಫೆಲೆಸ್ತೀನಿಯರು ಕುವೈತಿಗೆ ಹೋಗಬೇಕು. ಯಾರ ಬಳಿಯೂ ಕಾಗದಪತ್ರವಿಲ್ಲ. ಅಬೂ ಕೈಸ್ ವಯಸ್ಸಾದ ರೈತ. 1948ರಲ್ಲಿ ಬಿಟ್ಟು ಬಂದ ಹತ್ತು ಆಲಿವ್ ಮರಗಳ ಲೆಕ್ಕ ಅವನ ತಲೆಯಿಂದ ಇನ್ನೂ ಹೋಗಿಲ್ಲ. ಅಸದ್ ಸರಕಾರಕ್ಕೆ ಬೇಕಾದವನು. ಜೋರ್ಡಾನಿನಿಂದ ಬರುವಾಗ ಒಬ್ಬ ದಲ್ಲಾಳಿ ಅವನಿಂದ ಹಣ ತೆಗೆದುಕೊಂಡು, ಠಾಣೆಯನ್ನು ಬಳಸಿ ನಡೆದು ಬಾ, ಆ ಕಡೆ ಕಾಯುತ್ತೇನೆ ಎಂದು ಮರುಭೂಮಿಯಲ್ಲಿ ಇಳಿಸಿ ಮಾಯವಾಗಿದ್ದಾನೆ. ಮೂರನೆಯವನು ಮರ್ವಾನ್, ಹದಿನಾರರ ಹುಡುಗ. ಕುವೈತಿನಲ್ಲಿದ್ದ ಅಣ್ಣ ಮದುವೆಯಾಗಿ ಹಣ ಕಳಿಸುವುದನ್ನು ನಿಲ್ಲಿಸಿದ. ಅಪ್ಪ, ಕಾಂಕ್ರೀಟು ಮಾಡಿನ ಮನೆ ಇದೆ ಎಂಬ ಒಂದೇ ಆಸೆಗೆ ಕಾಲು ಕಳೆದುಕೊಂಡ ಹೆಂಗಸೊಬ್ಬಳನ್ನು ನಿಕಾಹ್ ಮಾಡಿಕೊಂಡು ತಾಯಿಯನ್ನು ಬಿಟ್ಟ. ಹುಡುಗನಿಗೆ ಅಪ್ಪನ ಮೇಲೆ ಸಿಟ್ಟೂ ಇದೆ, ಪಾಪ ಎಂದೂ ಅನಿಸುತ್ತದೆ. ಈ ಕಾಂಕ್ರೀಟಿನ ಮಾಡು ನಮಗೆ ಈ ಪುಸ್ತಕದ ಅತ್ಯಂತ ದೊಡ್ಡ ಸಂಗತಿ. ನಿರಾಶ್ರಿತರ ಶಿಬಿರದಲ್ಲಿ ಹತ್ತು ವರ್ಷ ಸೋರುವ ಮಾಡಿನಡಿ ಕಳೆದ ಮನುಷ್ಯ ತನ್ನ ಸಂಸಾರವನ್ನೇ ಮಾರಿ ಒಂದು ಒಣ ಛಾವಣಿ ಕೊಳ್ಳುತ್ತಾನೆ. ಅದನ್ನು ಕನಫಾನಿ ನಾಲ್ಕು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ಇವರನ್ನು ದಾಟಿಸಲು ಒಪ್ಪುವವನು ಅಬುಲ್ ಖೈಝುರಾನ್, ನೀರಿನ ಟ್ಯಾಂಕರಿನ ಚಾಲಕ. ಅವನೂ ಫೆಲೆಸ್ತೀನಿಯನೇ, 1948ರ ಯುದ್ಧದಲ್ಲಿ ಗಾಯಗೊಂಡು ಗಂಡಸುತನ ಕಳೆದುಕೊಂಡವನು. ಕುವೈತಿನ ದೊಡ್ಡ ಸಾಹುಕಾರನ ಲಾರಿಯಾದ್ದರಿಂದ ಠಾಣೆಗಳಲ್ಲಿ ಯಾರೂ ತಪಾಸಣೆ ಮಾಡುವುದಿಲ್ಲ. ಠಾಣೆ ಹತ್ತಿರವಾದಾಗ ಮೂವರೂ ಖಾಲಿ ಟ್ಯಾಂಕಿನೊಳಗೆ ಇಳಿಯಬೇಕು, ಆರೇಳು ನಿಮಿಷದಲ್ಲಿ ಹೊರಗೆ. ಸಫ್ವಾನ್ ಠಾಣೆಯಲ್ಲಿ ಹಾಗೆಯೇ ಆಗುತ್ತದೆ. ಅರೆಜೀವವಾಗಿ ಹೊರಬರುತ್ತಾರೆ. ಎರಡನೆಯದು ಮುತ್ಲಾ. ಅಲ್ಲಿಯ ಅಧಿಕಾರಿಗೆ ಬೇಸರ, ಹೊತ್ತು ಹೋಗದು. ಬಸ್ರಾದ ನರ್ತಕಿಯೊಬ್ಬಳೊಂದಿಗೆ ನಿನಗೇನೋ ಸಂಬಂಧವಂತೆ ಎಂದು ಚಾಲಕನನ್ನು ಕೀಟಲೆ ಮಾಡುತ್ತಾ ಕಾಗದಕ್ಕೆ ಸಹಿ ಹಾಕದೆ ಕೂಡುತ್ತಾನೆ. ಕೈಯಲ್ಲಾಗದವನಿಗೆ ಈ ಕೀಟಲೆ! ಅವನು ಓಡಿ ಬಂದು ಲಾರಿ ಬಿಟ್ಟು ದೂರದಲ್ಲಿ ಮುಚ್ಚಳ ತೆಗೆಯುವಾಗ ಒಳಗಿರುವುದು ಮೂರು ಹೆಣ. ರಾತ್ರಿ ಅವುಗಳನ್ನು ಪಟ್ಟಣದ ಕಸದ ರಾಶಿಯ ಬಳಿ ಹಾಕುತ್ತಾನೆ. ಹೊರಟವನು ಮರಳಿ ಬಂದು ಜೇಬಿನ ಹಣವನ್ನೂ ಮರ್ವಾನನ ಕೈಗಡಿಯಾರವನ್ನೂ ತೆಗೆದುಕೊಳ್ಳುತ್ತಾನೆ. ಆಮೇಲೆ ತಲೆಯೊಳಗಿನ ಮಾತು ತಾನಾಗಿ ಬಾಯಿಗೆ ಬಂದು ಕೂಗುತ್ತಾನೆ. ಇವರೇಕೆ ಟ್ಯಾಂಕಿನ ಗೋಡೆ ತಟ್ಟಲಿಲ್ಲ ಎಂದು. ಮರುಭೂಮಿ ಅದನ್ನೇ ಹಿಂದಕ್ಕೆ ಕೂಗುತ್ತದೆ.

ಈ ಪ್ರಶ್ನೆ ಅರಬಿ ಸಾಹಿತ್ಯದಲ್ಲಿ ಬಹಳ ಪ್ರಸಿದ್ಧ. ವಿಮರ್ಶಕರು ಅದನ್ನು ಲೇಖಕನೇ ತನ್ನ ಜನಕ್ಕೆ ಕೇಳಿದ ಪ್ರಶ್ನೆ ಎಂದು ಓದಿದರು. 1948ರ ನಂತರ ಬಾಯಿ ಮುಚ್ಚಿಕೊಂಡು ಸಾಯುತ್ತಿದ್ದ ಒಂದು ಸಮುದಾಯಕ್ಕೆ, ತಟ್ಟಿ, ಕೂಗಿ, ಪ್ರತಿಭಟಿಸಿ ಎಂಬ ಕರೆ ಎಂದು. ಕನಫಾನಿ ರಾಜಕೀಯ ಕಾರ್ಯಕರ್ತರೂ ಆಗಿದ್ದವರು. 1972ರ ಜುಲೈಯಲ್ಲಿ ಬೈರೂತಿನಲ್ಲಿ ಕಾರಿಗೆ ಇಟ್ಟ ಬಾಂಬಿನಿಂದ, ಜೊತೆಯಲ್ಲಿದ್ದ ಅಕ್ಕನ ಮಗಳ ಸಮೇತ, ಮೂವತ್ತಾರನೆಯ ವಯಸ್ಸಿನಲ್ಲಿ ಸತ್ತವರು. ಹಾಗಾಗಿ ಈ ಓದು ಸಹಜವಾಗಿಯೇ ಬಂತು. ನಾವೂ ಹಾಗೆಯೇ ಓದಿದೆವು, ಸಭೆಗಳಲ್ಲಿ ಹಾಗೆಯೇ ಹೇಳಿದೆವು, ಚಪ್ಪಾಳೆಯೂ ಬಿತ್ತು.

ಆದರೆ ಮುತ್ಲಾದ ಆ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಮೂವರು ಒಳಗಿಳಿದು ಮುಚ್ಚಳ ಬಿದ್ದ ಮೇಲೆ ಕಥನ ಟ್ಯಾಂಕಿನೊಳಗೆ ಹೋಗುವುದಿಲ್ಲ. ಅದು ಚಾಲಕನ ಬೆನ್ನ ಹಿಂದೆ ಕಚೇರಿಯ ಒಳಗೆ ಹೋಗುತ್ತದೆ. ನಮಗೆ ಕೇಳಿಸುವುದು ಅಧಿಕಾರಿಯ ನಗು, ನರ್ತಕಿಯ ಹೆಸರು, ಕಾಗದಗಳ ಮಾತು. ಟ್ಯಾಂಕು ಹೊರಗೆ ಬಿಸಿಲಲ್ಲಿ ನಿಂತಿದೆ. ತಟ್ಟಿದರೋ ಇಲ್ಲವೋ ಓದುಗನಿಗೆ ಗೊತ್ತಿಲ್ಲ, ಚಾಲಕನಿಗೂ ಗೊತ್ತಿಲ್ಲ. ತಟ್ಟಲಿಲ್ಲ ಎಂಬುದು ಅವನ ಊಹೆ. ಅಲ್ಲ, ಅವನ ಆಸರೆ. ಸತ್ತ ಹುಡುಗನ ಗಡಿಯಾರ ಜೇಬಿನಲ್ಲಿಟ್ಟುಕೊಂಡವನ ಬಾಯಿಂದ ಬಂದ ಪ್ರಶ್ನೆಯನ್ನು ನಾವು ಲೇಖಕನ ಸಂದೇಶವೆಂದು ಹೇಗೆ ತೆಗೆದುಕೊಂಡೆವು? ಕಥೆ ಬರೆಯುವವರಾಗಿ, ಪಾತ್ರದ ಮಾತು ಬೇರೆ ಕಥೆಗಾರನ ಮಾತು ಬೇರೆ ಎಂದು ಹೊಸಬರಿಗೆ ಶಿಬಿರಗಳಲ್ಲಿ ಪಾಠ ಹೇಳುವ ನಾವೇ?

ಈಜಿಪ್ತಿನ ನಿರ್ದೇಶಕ ತೌಫೀಕ್ ಸಾಲೆಹ್ 1972ರಲ್ಲಿ ಸಿರಿಯಾದಲ್ಲಿ ಈ ಕಥೆಯನ್ನು ‘ಅಲ್ ಮಖ್ದೂಊನ್’ ಎಂಬ ಸಿನಿಮಾ ಮಾಡಿದಾಗ ಕೊನೆಯನ್ನು ಬದಲಿಸಿದರು. ಸಿನಿಮಾದಲ್ಲಿ ಅವರು ತಟ್ಟುತ್ತಾರೆ. ಕಚೇರಿಯ ಹವಾನಿಯಂತ್ರಣ ಯಂತ್ರಗಳ ಗದ್ದಲದಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ಕನಫಾನಿಯ ಭಕ್ತರಿಗೆ ಇದು ದ್ರೋಹವೆನಿಸಿದ್ದುಂಟು. ನಮಗೆ ಹಾಗನಿಸದು. ಸಾಲೆಹ್ ಪುಸ್ತಕದಲ್ಲಿ ಅಡಗಿದ್ದ ಸದ್ದನ್ನು ಹೊರಗೆ ತಂದರು, ಅಷ್ಟೆ. ಆದರೂ ಪುಸ್ತಕವೇ ಮೇಲು. ಸಿನಿಮಾ ನೋಡಿದವನು ಅಧಿಕಾರಿಗಳನ್ನು ಬೈದು ಮನೆಗೆ ಹೋಗಬಹುದು. ಪುಸ್ತಕ ಓದಿದವನು ತಾನು ಅಷ್ಟು ಹೊತ್ತೂ ಕಚೇರಿಯೊಳಗೆ ಕೂತು ನರ್ತಕಿಯ ಕಥೆಗೆ ಕಿವಿಗೊಟ್ಟಿದ್ದೆ ಎಂಬುದನ್ನು ಮರೆಯುವಂತಿಲ್ಲ.

ಇನ್ನು ನಿಜವಾದ ಲಾರಿಗಳ ವಿಷಯಕ್ಕೆ ಬರೋಣ. 2000ದ ಜೂನಿನಲ್ಲಿ ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ ಟೊಮೆಟೊ ತುಂಬಿದ್ದ ಲಾರಿಯೊಂದರಲ್ಲಿ 58 ಚೀನೀಯರ ಹೆಣ ಸಿಕ್ಕಿತು. ಬದುಕಿ ಉಳಿದವರು ಇಬ್ಬರು. ಹೊರಗೆ ಸದ್ದು ಕೇಳಬಾರದೆಂದು ಚಾಲಕ ಗಾಳಿಯ ಕಿಂಡಿ ಮುಚ್ಚಿದ್ದ. ಒಳಗಿದ್ದವರು ಗೋಡೆ ಬಡಿದಿದ್ದರು, ಕೂಗಿದ್ದರು. 2015ರ ಆಗಸ್ಟ್ 27ರಂದು ಆಸ್ಟ್ರಿಯಾದ ಪಾರ್ನ್‌ಡೋರ್ಫ್ ಎಂಬಲ್ಲಿ ಹೆದ್ದಾರಿಯ ಬದಿ ನಿಂತಿದ್ದ ಕೋಳಿಮಾಂಸ ಸಾಗಿಸುವ ಲಾರಿಯಲ್ಲಿ 71 ಹೆಣ. ಹೆಚ್ಚಿನವರು ಇರಾಕ್, ಸಿರಿಯಾ, ಅಫಘಾನಿಸ್ತಾನದವರು, ಅವರಲ್ಲಿ ನಾಲ್ವರು ಮಕ್ಕಳು. ಹಂಗೆರಿಯ ಕೆಚ್ಕೆಮೇಟ್ ನಗರದಲ್ಲಿ ವಿಚಾರಣೆ ನಡೆದಾಗ ಕಳ್ಳಸಾಗಣೆದಾರರ ಫೋನ್ ಸಂಭಾಷಣೆಗಳು ಹೊರಬಂದವು. ಒಳಗೆ ಬಡಿಯುತ್ತಿದ್ದಾರೆ, ಕಿರುಚುತ್ತಿದ್ದಾರೆ ಎಂದು ಲಾರಿಯಿಂದ ತಿಳಿಸಿದ್ದಾರೆ. ಬಾಗಿಲು ತೆರೆಯಬೇಡ ಎಂದು ಆ ಕಡೆಯಿಂದ ಉತ್ತರ ಬಂದಿದೆ. ಆ ಫೋನುಗಳನ್ನು ಪೊಲೀಸರು ಮೊದಲೇ ಕದ್ದಾಲಿಸಿ ಮುದ್ರಿಸಿಕೊಳ್ಳುತ್ತಿದ್ದರು. ಆದರೆ ಅವನ್ನು ಕೇಳಿ, ಅನುವಾದಿಸಿ ನೋಡಿದ್ದು ಎಲ್ಲ ಮುಗಿದ ಮೇಲೆ. ಮುಖ್ಯ ಅಪರಾಧಿಗಳಿಗೆ 2018ರಲ್ಲಿ 25 ವರ್ಷ, ಮರುವರ್ಷ ಮೇಲ್ಮನವಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು.

ತಟ್ಟಿದ್ದರು. ಸದ್ದು ಧ್ವನಿಮುದ್ರಣವಾಗಿ ಸರಕಾರದ ಯಂತ್ರದಲ್ಲೇ ಇತ್ತು. ಕನಫಾನಿಯಾಗಲಿ ಸಾಲೆಹ್ ಆಗಲಿ ಇಂಥ ಕೊನೆಯನ್ನು ಕಟ್ಟಿದ್ದರೆ ಅತಿಯಾಯಿತು ಎಂದು ನಾವೇ ವಿಮರ್ಶೆ ಬರೆಯುತ್ತಿದ್ದೆವೇನೋ.

ವಲಸೆಯ ಚರ್ಚೆಯಲ್ಲಿ ಕೇಳಿಬರುವ ದೊಡ್ಡ ಪ್ರಶ್ನೆ ಅಬುಲ್ ಖೈಝುರಾನನ ಪ್ರಶ್ನೆಯ ಹತ್ತಿರದ ಸಂಬಂಧಿ. ಇವರೇಕೆ ನೇರ ದಾರಿಯಲ್ಲಿ ಬರುವುದಿಲ್ಲ, ಸರದಿಯಲ್ಲಿ ನಿಂತು ಬಾಗಿಲು ತಟ್ಟಬಾರದೇಕೆ ಎಂದು. ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಈ ಬಾಗಿಲು ಹೇಗೆ ಕೆಲಸ ಮಾಡುತ್ತದೆ ನೋಡಿ. ಬ್ರಿಟನ್ನಿನಲ್ಲಿ ಆಶ್ರಯ ಕೇಳಬೇಕಾದರೆ ಬ್ರಿಟನ್ನಿನ ನೆಲದ ಮೇಲೆ ನಿಂತಿರಬೇಕು. ಆಶ್ರಯ ಕೇಳಲು ಬರುತ್ತೇನೆ ಎನ್ನುವವನಿಗೆ ಕೊಡುವ ವೀಸಾ ಎಂಬುದು ಇಲ್ಲ. ವೀಸಾ ಇಲ್ಲದವನನ್ನು ಹತ್ತಿಸಿಕೊಂಡ ವಿಮಾನ ಕಂಪನಿಗೆ ದಂಡ. ಯೂರೋಪಿನ ಒಕ್ಕೂಟವೂ 2001ರಲ್ಲಿ ಇಂಥ ದಂಡದ ನಿರ್ದೇಶನ ಹೊರಡಿಸಿತು. ಹಾಗಾಗಿ ತುರ್ಕಿಯ ಬೋದ್ರುಮ್‌ನಿಂದ ಗ್ರೀಸಿನ ಕೋಸ್ ದ್ವೀಪಕ್ಕೆ ಪ್ರವಾಸಿಗಳು ಅಗ್ಗದ ಟಿಕೆಟ್ಟಿನಲ್ಲಿ ಹಾಯಾಗಿ ದಾಟುವ ಅದೇ ನೀರಿನಲ್ಲಿ, ಅದರ ಹಲವು ಪಟ್ಟು ಹಣ ತೆತ್ತವರು ರಬ್ಬರ್ ದೋಣಿಯಲ್ಲಿ ಮುಳುಗಿದರು. 2015ರ ಸೆಪ್ಟೆಂಬರಿನಲ್ಲಿ ಆ ದಡದಲ್ಲಿ ಮಗುಚಿ ಬಿದ್ದಿದ್ದ ಎರಡು ವರ್ಷದ ಸಿರಿಯನ್ ಮಗುವಿನ ಚಿತ್ರ ನಮ್ಮ ಕನ್ನಡ ಪತ್ರಿಕೆಗಳ ಮುಖಪುಟದಲ್ಲೂ ಬಂತು.

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಉಂಟು. 2022ರಲ್ಲಿ ರಶ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಯೂರೋಪಿನ ಒಕ್ಕೂಟ ತಾತ್ಕಾಲಿಕ ರಕ್ಷಣೆಯ ತನ್ನ ಹಳೆಯ ನಿಯಮವೊಂದನ್ನು ಮೊದಲ ಬಾರಿಗೆ ಜಾರಿಗೊಳಿಸಿತು. ನಲವತ್ತು ಲಕ್ಷಕ್ಕೂ ಹೆಚ್ಚು ಜನ ರೈಲು, ಬಸ್ಸು ಹಿಡಿದು ಬಂದು ನೆಲೆಸಿದರು. ಅವರನ್ನು ಲಾರಿಯ ಹೊಟ್ಟೆಯಲ್ಲಿ ತುಂಬಲು ಯಾವ ದಲ್ಲಾಳಿಗೂ ಅವಕಾಶ ಸಿಗಲಿಲ್ಲ. ಅದು ಒಳ್ಳೆಯದೇ ಆಯಿತು, ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ 2023ರ ಜೂನಿನಲ್ಲಿ ಗ್ರೀಸಿನ ಪೈಲೋಸ್ ಬಳಿ ಮುಳುಗಿದ ಮೀನುದೋಣಿಯಲ್ಲಿ ಪಾಕಿಸ್ತಾನ, ಸಿರಿಯಾ, ಈಜಿಪ್ತಿನ ಸುಮಾರು 750 ಜನರಿದ್ದರೆಂದು ಅಂದಾಜು. ಬದುಕಿ ಉಳಿದವರು 104.

ಇಲ್ಲಿ ಎದುರು ಪಕ್ಷದ ಮಾತನ್ನೂ ಕೇಳಬೇಕು. ನಮ್ಮ ಪತ್ರಿಕೆಗಳಲ್ಲಿ ಬರುವ ಲೇಖನಗಳು ಇದನ್ನು ಸಾಮಾನ್ಯವಾಗಿ ಜಾರಿಸುತ್ತವೆ. ಗಡಿ ದಾಟುವ ಎಲ್ಲರೂ ಕಿರುಕುಳದಿಂದ ಓಡಿ ಬಂದವರಲ್ಲ. ಕೆಲವರು ಸುಳ್ಳು ಹೇಳುತ್ತಾರೆ. ದಲ್ಲಾಳಿಗಳು ಕೊಬ್ಬುತ್ತಾರೆ. ಬಾಡಿಗೆ ಮನೆ, ಆಸ್ಪತ್ರೆ, ಶಾಲೆ ಮೊದಲೇ ಸಾಲದ ಬಡವರ ಕೇರಿಗೇ ಹೊಸಬರು ಬಂದು ಸೇರುತ್ತಾರೆ ಹೊರತು ಭಾಷಣ ಮಾಡುವವರ ಬಡಾವಣೆಗಲ್ಲ. ಇವೆಲ್ಲ ನಿಜ. 1951ರ ಅಂತಾರಾಷ್ಟ್ರೀಯ ನಿರಾಶ್ರಿತರ ಒಪ್ಪಂದವು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಈ ಐದು ಕಾರಣಕ್ಕಾಗಿ ಕಿರುಕುಳದ ಭಯವಿರುವವನನ್ನು ಮಾತ್ರ ನಿರಾಶ್ರಿತನೆನ್ನುತ್ತದೆ. ಅಂಥವನು ಅಪಾಯದ ಸ್ಥಳದಿಂದ ನೇರವಾಗಿ ಬಂದು ತಡಮಾಡದೆ ಹಾಜರಾದರೆ ಕಾಗದವಿಲ್ಲದೆ ಬಂದದ್ದಕ್ಕೆ ಶಿಕ್ಷಿಸಬಾರದೆಂದು ಅದರ 31ನೆಯ ವಿಧಿ ಹೇಳುತ್ತದೆ. ಹಸಿವಿಗೆ ಅಲ್ಲಿ ಜಾಗವಿಲ್ಲ.

ಈಗ ಕನಫಾನಿಯ ಮೂವರನ್ನು ಈ ಅಳತೆಗೋಲಿನ ಮುಂದೆ ನಿಲ್ಲಿಸಿ. ಅಸದ್ ಪಾಸಾಗಬಹುದು. ಅಬೂ ಕೈಸ್ ದುಡಿದು ಮಗನನ್ನು ಓದಿಸಲು, ಒಂದೆರಡು ಆಲಿವ್ ಸಸಿ ಕೊಳ್ಳಲು ಹೊರಟವನು. ಮರ್ವಾನ್ ತಾಯಿಗೆ ಹಣ ಕಳಿಸಲು. ಇಬ್ಬರೂ ಆರ್ಥಿಕ ವಲಸಿಗರು, ಅರ್ಜಿ ತಿರಸ್ಕೃತ! ಆದರೆ ಆ ಮುದುಕ ಮನೆಮರ ಕಳೆದುಕೊಂಡದ್ದು ಯಾಕೆ, ಆ ಅಪ್ಪ ಕಾಂಕ್ರೀಟು ಮಾಡಿಗೆ ಸೋತದ್ದು ಯಾಕೆ ಎಂದು ಕೇಳುತ್ತಾ ಹೋದರೆ ಹಸಿವು ಎಲ್ಲಿ ಮುಗಿದು ರಾಜಕೀಯ ಎಲ್ಲಿ ಶುರುವಾಯಿತು ಎಂದು ಯಾವ ಅಧಿಕಾರಿಯೂ ಗೆರೆ ಎಳೆಯಲಾರ. ಪ್ರಬಂಧಗಳು ಹೇಳಲಾಗದ್ದನ್ನು ಕಥೆ ಹೇಳಿದ್ದು ಇಲ್ಲಿ.

ಸುಳ್ಳು ಹೇಳುವ ನಿರಾಶ್ರಿತನ ಬಗ್ಗೆ ನಾವು ಓದಿದ ಅತ್ಯುತ್ತಮ ಪುಸ್ತಕ ಅಬ್ದುಲ್‌ರಝಾಕ್ ಗುರ್ನಾ ಅವರ ‘ಬೈ ದ ಸೀ’ (2001). ಝಂಝಿಬಾರಿನಲ್ಲಿ ಹುಟ್ಟಿ, 1964ರ ಕ್ರಾಂತಿಯ ನಂತರದ ದಿನಗಳಲ್ಲಿ ತಾವೇ ಬ್ರಿಟನ್ನಿಗೆ ಓಡಿಬಂದ ಗುರ್ನಾಗೆ 2021ರಲ್ಲಿ ನೊಬೆಲ್ ಬಂದಾಗ ನಮ್ಮಲ್ಲಿ ಹಲವರು ಹೆಸರನ್ನು ಮೊದಲ ಬಾರಿ ಕೇಳಿದರು. ಕಥಾನಾಯಕ ಸಾಲೆಹ್ ಉಮರ್ ಅರುವತ್ತೈದರ ವೃದ್ಧ, ಹಿಂದೆ ಪೀಠೋಪಕರಣಗಳ ವ್ಯಾಪಾರಿ. ಬೇರೊಬ್ಬನ ಹೆಸರಿನ ಪಾಸ್‌ಪೋರ್ಟ್ ಹಿಡಿದು ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾನೆ. ಇಂಗ್ಲಿಷ್ ಬರುತ್ತದೆ, ಆದರೆ ಬಾರದವನಂತೆ ಕೂರುತ್ತಾನೆ. ಚೀಲದಲ್ಲಿ ಒಂದು ಮರದ ಪೆಟ್ಟಿಗೆ, ಅದರಲ್ಲಿ ಊದ್. ಅವನ ಜೀವಮಾನದ ಉಳಿಕೆ ಅಷ್ಟೇ. ಅಧಿಕಾರಿ ಅದನ್ನು ಮೂಸಿ, ಮೆಚ್ಚಿ, ತಾನೇ ಇಟ್ಟುಕೊಳ್ಳುತ್ತಾನೆ. ಆ ಅಧಿಕಾರಿಯ ತಂದೆತಾಯಿಗಳೂ ರುಮೇನಿಯಾದಿಂದ ಓಡಿಬಂದವರೇ! ಶುಕ್ರವಾರಗಳಂದು ಅಂಗಾರದ ಮೇಲೆ ಊದ್ ಹಾಕುತ್ತಿದ್ದ ಮನೆಯಲ್ಲಿ ಬೆಳೆದವರಿಗೆ ಈ ಪುಟಗಳಲ್ಲಿ ಮೂಗು ಉರಿಯುತ್ತದೆ.

ಗುರ್ನಾರ ಧೈರ್ಯ ಇರುವುದು ಮುದುಕನನ್ನು ಮುಗ್ಧನನ್ನಾಗಿ ಮಾಡದಿರುವುದರಲ್ಲಿ. ಅವನು ಊರಿನಲ್ಲಿ ಸಾಲಪತ್ರದ ಬಲದಿಂದ ಒಂದು ಕುಟುಂಬದ ಮನೆಯನ್ನು ತನ್ನದಾಗಿಸಿಕೊಂಡವನು. ಕದ್ದ ಹೆಸರು ಆ ಮನೆಯವನದೇ. ಅವನಿಗೂ ಆಶ್ರಯದ ಅಗತ್ಯವಿದೆ, ಜೈಲು ಶಿಬಿರಗಳಲ್ಲಿ ಹಲವು ವರ್ಷ ಕೊಳೆತವನು. ಸಂತನಾದರೆ ಮಾತ್ರ ಬಾಗಿಲು ತೆರೆಯುತ್ತೇವೆ ಎನ್ನುವವರಿಗೆ ಈ ಪಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ತಕರಾರು ಹೇಳಲೇಬೇಕು. ದುಭಾಷಿಯಾಗಿ ಕರೆಯಲ್ಪಟ್ಟ ಪ್ರಾಧ್ಯಾಪಕ ಆ ಕದ್ದ ಹೆಸರಿನವನ ಮಗನೇ ಆಗಿರುವುದು ನಮಗೆ ಹಿಂದೀ ಸಿನಿಮಾ ಎನಿಸಿತು. ಆದರೆ ಅವರಿಬ್ಬರು ಎದುರುಬದುರು ಕೂತು ಮಾತನಾಡತೊಡಗಿದ ಮೇಲೆ ತಕರಾರು ಮರೆತೇ ಹೋಯಿತು.

ಮೊಹ್ಸಿನ್ ಹಮೀದ್ ಅವರ ‘ಎಕ್ಸಿಟ್ ವೆಸ್ಟ್’ (2017) ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುದ್ಧದ ಊರಿನಲ್ಲಿ ಇದ್ದಕ್ಕಿದ್ದಂತೆ ಮಾಯದ ಬಾಗಿಲುಗಳು ತೆರೆದುಕೊಳ್ಳುತ್ತವೆ, ಒಳಹೊಕ್ಕರೆ ಮತ್ತೊಂದು ದೇಶ. ಪ್ರಯಾಣದ ಗೋಳನ್ನು ಬಿಟ್ಟು ಹೋಗುವ ಮುಂಚಿನ ಮತ್ತು ಹೋದ ನಂತರದ ಬದುಕನ್ನು ನೋಡಿ ಎಂಬುದು ಅದರ ಹಂಚಿಕೆ. ಜಾಣತನವಿದೆ, ಪ್ರೀತಿಯ ಭಾಗಗಳು ಚೆನ್ನಾಗಿವೆ. ಆದರೆ ಬಾಗಿಲು ಬಂದಾಗ ಲಾರಿ ಹೋಯಿತು. ಲಾರಿಯೊಂದಿಗೆ ಚಾಲಕನೂ, ಗಡಿಯಾರವೂ ಹೋದವು. ಅವಿಲ್ಲದೆ ನಮಗೆ ಈ ವಿಷಯ ಅರ್ಧ.

ಒಂದು ಶಬ್ದದ ಮಾತು. ಉರ್ದು ಶಾಲೆಯಲ್ಲಿ ನಾವು ಕಲಿತದ್ದು ‘ಪನಾಹ್‌ಗುಝೀನ್’, ಆಸರೆಯನ್ನು ಆರಿಸಿಕೊಂಡವನು. ಕನ್ನಡದ ‘ನಿರಾಶ್ರಿತ’ನಿಗೆ ಇರುವುದು ಕೊರತೆ ಮಾತ್ರ. ‘ಮುಹಾಜಿರ್’ ಎಂಬುದಂತೂ ಮದೀನಾದ ನೆನಪಿರುವ ಗೌರವದ ಶಬ್ದ. ಆ ಶಬ್ದವನ್ನು ಹೊತ್ತು ಹುಟ್ಟಿದ ಪಾಕಿಸ್ತಾನ 2023ರ ಕೊನೆಯಿಂದ ಲಕ್ಷಾಂತರ ಅಫಘಾನರನ್ನು, ಅಲ್ಲೇ ಹುಟ್ಟಿದವರನ್ನೂ ಸೇರಿಸಿ, ಗಡಿಯಾಚೆ ಅಟ್ಟಿತು. ಶಬ್ದ ಯಾರನ್ನೂ ಕಾಯುವುದಿಲ್ಲ. ಈಗ ನಮ್ಮಲ್ಲಿ ಚಾಲ್ತಿಯಲ್ಲಿರುವುದು ‘ನುಸುಳುಕೋರ’. ಲಂಚಕೋರ, ಚಾಡಿಕೋರರ ಸಾಲಿನದು. ಈ ‘ಕೋರ’ ಫಾರ್ಸಿಯ ‘ಖೋರ್’, ತಿನ್ನುವವನು. ಯಾವ ಕಾಗದವೂ ಇಲ್ಲದೆ ಕನ್ನಡದೊಳಗೆ ಬಂದು ಸುಖವಾಗಿ ಸಂಸಾರ ಹೂಡಿದ ಪ್ರತ್ಯಯ. ಇಂಡಿಯಾ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆಶ್ರಯದ ಕಾನೂನೆಂಬುದು ನಮ್ಮಲ್ಲಿಲ್ಲ. ಹಾಗಿದ್ದೂ 1959ರ ನಂತರ ಹಿಮಾಲಯ ದಾಟಿ ಬಂದ ಟಿಬೇಟಿಯನ್ನರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಕಾಡು ಕಡಿದು ಭೂಮಿ ಕೊಟ್ಟಿತು. ಅವರ ಜೋಳದ ಹೊಲ, ಸ್ವರ್ಣ ದೇಗುಲ ನೋಡಲು ನಾವೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇವೆ. ಅವರನ್ನು ನುಸುಳುಕೋರರೆಂದವರನ್ನು ನಾವು ಕಂಡಿಲ್ಲ. ಬರ್ಮಾದಿಂದ ಓಡಿಬಂದು ಬೆಂಗಳೂರಿನಲ್ಲಿ ಚಿಂದಿ ಆಯುವ ರೋಹಿಂಗ್ಯಾಗಳಿಗೆ ಬೇರೆ ಶಬ್ದವೇ ಇಲ್ಲ.

ನಮ್ಮ ಮನೆಯ ಮಾತಿಗೆ ಬರದೆ ಈ ಲೇಖನ ಮುಗಿಸಿದರೆ ನಾವೂ ಕಚೇರಿಯೊಳಗೆ ಕೂತಂತೆ. ನಮ್ಮ ಚಾಚಾ 1960ರ ದಶಕದ ಕೊನೆಯಲ್ಲಿ ಪಾಸ್‌ಪೋರ್ಟಿಲ್ಲದೆ ಲಾಂಚ್ ಹತ್ತಿ ಹೋಗಿ ಖೋರ್‌ಫಕ್ಕಾನ್ ಹತ್ತಿರ ನೀರಿಗೆ ಹಾರಿ ಈಜಿ ದಡ ಸೇರಿದವರು. ಆ ಕಾಲದಲ್ಲಿ ಮಲಬಾರಿನಿಂದ, ನಮ್ಮ ಕರಾವಳಿಯಿಂದ ಹಾಗೆ ಹೋದವರಿದ್ದರು. ಊರಿನಲ್ಲಿ ‘ಲಾಂಚಿನಲ್ಲಿ ಹೋದವರು’ ಎಂಬುದು ಒಂದು ಬಿರುದು, ಅಕ್ರಮ ಎಂಬ ಶಬ್ದವನ್ನು ನಾವು ಕೇಳಿಯೇ ಇರಲಿಲ್ಲ. ಅವರ ಮೇಲೆ ನಾವೊಂದು ಕಥೆ ಬರೆದೆವು, ಹೆಸರೂ ಬಂತು. ಅದರಲ್ಲಿ ಚಾಚಾ ಬಡವ, ಧೀರ, ಉಪ್ಪುನೀರು ಕುಡಿದು ಬದುಕಿದ ನಿಷ್ಪಾಪಿ.

ಕಥೆಯಲ್ಲಿ ಬಿಟ್ಟದ್ದು ಇದು. ಮರಳಿ ಬಂದ ಮೇಲೆ ಚಾಚಾ ಎರಡು ವರ್ಷ ಸುತ್ತಲ ಊರುಗಳಿಂದ ಹಣ ಎತ್ತಿ ಹುಡುಗರನ್ನು ಲಾಂಚಿಗೆ ಹತ್ತಿಸುವ ಕೆಲಸ ಮಾಡಿದ್ದರು. ಅವರಲ್ಲಿ ಒಬ್ಬ ತಲುಪಲೇ ಇಲ್ಲ. ಅವನಿಗೆ ಈಜು ಬರುತ್ತಿರಲಿಲ್ಲವಂತೆ, ಬರುತ್ತದೆಂದು ಹೇಳಿದ್ದನಂತೆ. ಮೊದಲೇ ಹೇಳಬಾರದಿತ್ತೇ ಎಂದು ಚಾಚಾ ಸಾಯುವವರೆಗೂ ಅನ್ನುತ್ತಿದ್ದರು. ಅವನ ತಾಯಿ ಪ್ರತಿ ರಮಝಾನಿನಲ್ಲಿ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂರುತ್ತಿದ್ದಳು. ಚಾಚಾ ಹಿತ್ತಿಲ ಬಾವಿಯ ಕಡೆ ಹೋಗುತ್ತಿದ್ದರು. ಚಾಚಿ ಸೇರು ಅಕ್ಕಿ, ಒಂದು ಸೀರೆ ತಂದು ಕೊಟ್ಟು, ಪತ್ರ ಬಂದರೆ ಹೇಳಿ ಕಳಿಸುತ್ತೇವೆ ಎನ್ನುತ್ತಿದ್ದಳು. ಹದಿನೈದು ವರ್ಷ ಹೀಗೆ ನಡೆದದ್ದನ್ನು ನಾವು ಕಣ್ಣಾರೆ ನೋಡಿದವರು. ಆ ಕಥೆಯನ್ನು ಈಗ ಮತ್ತೆ ಬರೆಯುತ್ತಿದ್ದೇವೆ, ಜಗಲಿಯಿಂದ ಶುರುಮಾಡಿ.